ಕೈಮಾ ಉಂಡೆ ಯಾಂಗ್‌ಝೌನದು, ಖಾರ ಚೆಂಗ್ಡುವಿನದು

ಚೀನೀ ಊಟ ಎಂದೊಡನೆ ಒಂದೇ ಅಡುಗೆಮನೆಯನ್ನು ಊಹಿಸಿಕೊಳ್ಳುವುದೇ ಮೊದಲ ತೊಡಕು. ಮುಷ್ಟಿ ಗಾತ್ರದ, ಚಮಚ ತಾಗಿಸಿದರೆ ಬಿಟ್ಟುಕೊಳ್ಳುವ ಕೈಮಾ ಉಂಡೆ ಪೂರ್ವದ ಜಿಯಾಂಗ್ಸು ಪ್ರಾಂತ್ಯದ ಯಾಂಗ್‌ಝೌ ಊರಿನ ಹೆಮ್ಮೆ. ಕೆಂಪೆಣ್ಣೆ ತೇಲುವ, ತುಟಿ ಜುಮ್ಮೆನ್ನಿಸುವ ಅಡುಗೆ ಪಶ್ಚಿಮದ ಸಿಚುವಾನ್ ಪ್ರಾಂತ್ಯದ್ದು. ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ. ಸಿಚುವಾನ್‌ನ ರಾಜಧಾನಿ ಚೆಂಗ್ಡುವನ್ನು ಯುನೆಸ್ಕೊ 2010ರಲ್ಲಿ ‘ಪಾಕಕಲೆಯ ನಗರ’ ಎಂದು ಗುರುತಿಸಿತು. ಯಾಂಗ್‌ಝೌಗೆ ಆ ಮನ್ನಣೆ ಸಿಕ್ಕಿದ್ದು 2019ರಲ್ಲಿ. ಎರಡಕ್ಕೂ ಬೇರೆ ಬೇರೆ ಮನ್ನಣೆ, ಏಕೆಂದರೆ ಎರಡೂ ಬೇರೆ ಬೇರೆ ರುಚಿ. ಒಂದೇ ಹೋಟೆಲಿನಲ್ಲಿ ಎರಡನ್ನೂ ಕೇಳಿದರೆ ಎರಡರಲ್ಲೊಂದು ಕೆಟ್ಟೇ ಬರುತ್ತದೆ ಎಂದುಕೊಂಡು ಹೊರಡುವುದು ಒಳ್ಳೆಯದು.

ಕೋಲ್ಕತ್ತ–ಗುವಾಂಗ್‌ಝೌ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾದ ಮೇಲೆ ಚೀನಾ ಪ್ರವಾಸದ ಮಾತು ನಮ್ಮಲ್ಲೂ ಕೇಳಿಬರುತ್ತಿದೆ. ಹೊರಡುವವರಿಗೆ, ಹಾಗೆಯೇ ಲಂಡನ್ನಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ ಚೀನೀ ಹೋಟೆಲಿನ ಬಾಗಿಲಲ್ಲಿ ಮೆನು ಓದುತ್ತ ನಿಲ್ಲುವ ಕನ್ನಡಿಗರಿಗೆ, ದಾರಿ ಹೀಗಿದೆ.

1. ಯಾವ ಉಂಡೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಚೀನಾದಲ್ಲಿ ಉಂಡೆಗಳಿಗೆ ಲೆಕ್ಕವಿಲ್ಲ. ಯಾಂಗ್‌ಝೌನದು ‘ಶಿಝಿತೋ’, ಅಂದರೆ ಸಿಂಹದ ತಲೆ. ಸುತ್ತ ಹಾಸಿದ ಎಲೆಕೋಸು ಕೇಸರದಂತೆ ಕಾಣುತ್ತದೆಯಂತೆ. ಉತ್ತರದ ಶಾನ್‌ಡಾಂಗ್ ಅಡುಗೆಯಲ್ಲಿ ‘ಸಿಷಿ ವಾನ್‌ಝಿ’ ಇದೆ. ನಾಲ್ಕು ಉಂಡೆ ನಾಲ್ಕು ಸಂತೋಷಕ್ಕೆ ಎಂದು ಮದುವೆ, ಹೊಸವರ್ಷದ ಊಟಕ್ಕೆ ಬಡಿಸುವಂಥದ್ದು. ಹುಬೆ ಪ್ರಾಂತ್ಯದವರು ಉಂಡೆಯನ್ನು ಅಂಟಕ್ಕಿಯಲ್ಲಿ ಹೊರಳಿಸಿ ಹಬೆಯಲ್ಲಿ ಬೇಯಿಸುತ್ತಾರೆ. ದಕ್ಷಿಣದ ಚಾವೋಶಾನ್ ಸೀಮೆಯ ದನದ ಮಾಂಸದ ಉಂಡೆಯನ್ನು ಕಬ್ಬಿಣದ ಸಲಾಕೆಗಳಿಂದ ಬಡಿದು ಬಡಿದು ಮಾಡುತ್ತಾರೆ. ನೆಲಕ್ಕೆ ಹಾಕಿದರೆ ಪುಟಿಯಬೇಕು ಎಂಬುದು ಅಲ್ಲಿನವರ ಪಂಥ. ಸಿಂಹದ ತಲೆಗೆ ಇದೇ ಪರೀಕ್ಷೆ ಇಟ್ಟರೆ ಪಾಪ, ಮುದ್ದೆಯಾಗುತ್ತದೆ. ಅದು ಪುಟಿಯಬಾರದು, ಅದುರಬೇಕು.

ಸಿಚುವಾನ್‌ನಲ್ಲಿ ಉಂಡೆಯೇ ಇಲ್ಲವೆಂದಲ್ಲ. ಅಲ್ಲಿ ‘ಯುವಾನ್‌ಝಿ’ ಎನ್ನುತ್ತಾರೆ, ತಿಳಿಯಾದ ಸಾರಿನಲ್ಲಿ ಸೊಪ್ಪಿನೊಂದಿಗೆ ತೇಲಿಬಿಟ್ಟು ತರುತ್ತಾರೆ. ಖಾರದ ಊಟದ ನಡುವೆ ಬಾಯಿ ತೊಳೆಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಉಂಡೆಗಾಗಿಯೇ ಚೆಂಗ್ಡುವಿಗೆ ಯಾರೂ ಹೋಗುವುದಿಲ್ಲ.

2. ಸಿಂಹದ ತಲೆ: ಎಲ್ಲಿ, ಯಾವಾಗ, ಹೇಗೆ

ಯಾಂಗ್‌ಝೌನ ಹಳೆಯ ಪೇಟೆಯಲ್ಲಿ ದೆಶೆಂಗ್‌ಚಿಯಾವೋ ಎಂಬ ಓಣಿಯಿದೆ. ಅದರೊಳಗಿನ ಫುಚುನ್ ಚಹಾಮಂದಿರ 1885ರಷ್ಟು ಹಳೆಯದು. ಬೆಳಗಿನ ಹೊತ್ತು ಜನ ಅಲ್ಲಿಗೆ ಹೋಗುವುದು ಹಬೆಯಲ್ಲಿ ಬೆಂದ ಬನ್ನುಗಳಿಗೆ ಮತ್ತು ನೂಲಿನಷ್ಟು ಸಣ್ಣಗೆ ಹೆಚ್ಚಿದ ಸೋಯಾ ಗಿಣ್ಣಿನ, ಅಂದರೆ ತೌಫುವಿನ ಸಾರಿಗೆ; ಅದರ ಜೊತೆಗೇ ಒಂದು ಸಿಂಹದ ತಲೆಯನ್ನೂ ಹೇಳಬಹುದು. ಸಾಲು ಉದ್ದವಿರುತ್ತದೆ, ಬೇಗ ಹೋಗಿ. ಆ ಊರಿಗೆ ಹೋಗಲಾಗದವರು ಶಾಂಘೈನಲ್ಲಿ ಯಾಂಗ್‌ಝೌ ಅಡುಗೆ, ಅಂದರೆ ‘ಹುವಾಯ್‌ಯಾಂಗ್’ ಅಡುಗೆಯ ಹೋಟೆಲು ಎಲ್ಲಿದೆ ಎಂದು ಕೇಳಬೇಕು.

ಮೆನುವಿನಲ್ಲಿ ಎರಡು ಬಗೆ ಕಾಣುತ್ತದೆ. ಒಂದು ‘ಹೊಂಗ್‌ಶಾವ್’, ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಕಂದುಗಟ್ಟಿದ್ದು. ಇನ್ನೊಂದು ‘ಚಿಂಗ್‌ದುನ್’, ಮಣ್ಣಿನ ಮಡಕೆಯಲ್ಲಿ ತಿಳಿಸಾರಿನೊಂದಿಗೆ ಎರಡು–ಮೂರು ಗಂಟೆ ಸಣ್ಣ ಉರಿಯಲ್ಲಿ ಬೆಂದದ್ದು. ಆಯ್ಕೆ ನನ್ನದಾದರೆ ಎರಡನೆಯದು. ಸಾಸಿನ ಮರೆಯಿಲ್ಲದ್ದರಿಂದ ಅಡುಗೆಯವನ ಕೈಗುಣ ಅಲ್ಲಿ ಬಯಲಾಗುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೋದವರು ‘ಷಿಯೆಫೆನ್’ ಎಂದು ಬರೆದಿರುವುದನ್ನೇ ಕೇಳಿ. ಅದು ನದಿ ಏಡಿಯ ಹಂಗಾಮು, ಉಂಡೆಯೊಳಗೆ ಏಡಿಯ ಮಾಂಸವೂ ಕೊಬ್ಬೂ ಸೇರಿರುತ್ತದೆ. ಸಾಮಾನ್ಯವಾಗಿ ತಲೆಗೊಂದರಂತೆ ಪುಟ್ಟ ಬಟ್ಟಲಲ್ಲಿ ಬರುತ್ತದೆ, ಬೆಲೆಯೂ ಒಂದೊಂದಕ್ಕೆ ಬೇರೆ. ನಾಲ್ವರಿಗೆ ಒಂದು ತಟ್ಟೆ ಎಂದು ಲೆಕ್ಕ ಹಾಕಿ ಕುಳಿತರೆ ಬಿಲ್ಲು ಬಂದಾಗ ಗೊಂದಲವಾದೀತು.

ಬಂದ ಉಂಡೆಯನ್ನು ಸ್ವಲ್ಪ ನೋಡಿ. ಮೇಲ್ಮೈ ನುಣುಪಾಗಿದ್ದರೆ ಮಾಂಸ ಯಂತ್ರದಲ್ಲಿ ಅರೆದದ್ದು. ಸರಿಯಾದ ಕ್ರಮದಲ್ಲಿ ಹಂದಿಯ ಹೊಟ್ಟೆಭಾಗದ ಮಾಂಸವನ್ನು ಚಾಕುವಿನಿಂದ ದಾಳಿಂಬೆ ಕಾಳಿನಷ್ಟು ಸಣ್ಣಗೆ ಹೆಚ್ಚಿ, ಆಮೇಲೆ ಕತ್ತಿಯ ಬಾಯಿಂದ ಹಗುರಾಗಿ ಕೊಚ್ಚುತ್ತಾರೆ. ಹಾಗಾಗಿ ಬೆಂದ ಮೇಲೂ ಕಾಳುಕಾಳಾಗಿ ಕಾಣಬೇಕು, ನಡುನಡುವೆ ಕರಗಿದ ಕೊಬ್ಬಿನ ಹೊಳಪಿರಬೇಕು. ಕಡ್ಡಿಯಿಂದ ಎತ್ತಲು ಹೋಗಬೇಡಿ. ಚಮಚವನ್ನು ಅಂಚಿನಲ್ಲಿಟ್ಟು ಒತ್ತಿದರೆ ಸಾಕು, ಒಂದು ತುಣುಕು ತಾನಾಗಿ ಜಾರಿ ಸಾರಿಗೆ ಬೀಳುತ್ತದೆ. ಅದನ್ನು ಸಾರಿನ ಸಮೇತ ಎತ್ತಿಕೊಳ್ಳಿ. ತಳದ ಎಲೆಕೋಸನ್ನು ಬಿಡುವವರು ಊಟದ ಅರ್ಧವನ್ನು ಬಿಟ್ಟಂತೆ, ಇಳಿದ ರಸವೆಲ್ಲ ಅಲ್ಲಿಯೇ ಇರುತ್ತದೆ. ನಮ್ಮ ಕೈಮಾ ಉಂಡೆ ಸಾರಿನ ಮಸಾಲೆಯನ್ನು ನೆನೆದು ಕುಳಿತವರಿಗೆ ಮೊದಲ ತುತ್ತು ಸಪ್ಪೆ ಅನ್ನಿಸುತ್ತದೆ. ಮೂರನೆಯ ತುತ್ತಿನವರೆಗೆ ತಾಳ್ಮೆಯಿರಲಿ.

3. ಚೆಂಗ್ಡುವಿನಲ್ಲಿ ಹೋಟೆಲು ಆರಿಸುವುದು

ಜಿನ್‌ಲಿ, ಕುವಾನ್‌ಝಾಯ್ ಎಂಬ ಅಂದವಾದ ಬೀದಿಗಳಿವೆ. ಓಡಾಡಿ, ಫೋಟೊ ತೆಗೆಸಿಕೊಳ್ಳಿ, ಊಟಕ್ಕೆ ಅಲ್ಲಿ ಕೂರಬೇಡಿ. ಚೆಂಗ್ಡುವಿನವರು ಹೊಗಳುವುದು ‘ಚಾಂಗ್‌ಯಿಂಗ್ ಗುವಾನ್‌ಝಿ’ಗಳನ್ನು. ಅಕ್ಷರಶಃ ನೊಣದ ಹೋಟೆಲು. ಹೆಸರಿಗೆ ಹೆದರುವುದು ಬೇಡ. ಪ್ಲಾಸ್ಟಿಕ್ ಸ್ಟೂಲು, ಮಾಸಿದ ಗೋಡೆ, ಗಿಜಿಗುಡುವ ಜನ ಇರುವ ಸಣ್ಣ ಅಂಗಡಿಗಳಿಗೆ ಪ್ರೀತಿಯಿಂದ ಇಟ್ಟ ಹೆಸರು ಅದು. ವಾಸಪ್ರದೇಶದ ಓಣಿಯಲ್ಲಿ ಹನ್ನೊಂದೂವರೆಗೇ ತುಂಬಿರುವ ಅಂಗಡಿ ಕಂಡರೆ ಒಳಗೆ ಹೋಗಿ. ಚೀನಾದಲ್ಲಿ ಮಧ್ಯಾಹ್ನದ ಊಟ ಬೇಗ, ರಾತ್ರಿಯದು ಇನ್ನೂ ಬೇಗ; ನಮ್ಮಂತೆ ಒಂಬತ್ತಕ್ಕೆ ಹೊರಟರೆ ಎಷ್ಟೋ ಕಡೆ ಒಲೆ ಆರಿರುತ್ತದೆ. ಮೇಜಿನ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಫೋಟೊ ಸಮೇತ ಮೆನು ತೆರೆದುಕೊಳ್ಳುವುದರಿಂದ ಭಾಷೆಯ ತೊಂದರೆ ಮೊದಲಿನಷ್ಟಿಲ್ಲ. ಹಣ ಕೊಡುವುದೂ ಮೊಬೈಲಿನಲ್ಲೇ, ಅಲಿಪೇಯನ್ನು ಹೊರಡುವ ಮೊದಲೇ ನಿಮ್ಮ ಅಂತರರಾಷ್ಟ್ರೀಯ ಕಾರ್ಡಿಗೆ ಜೋಡಿಸಿಕೊಳ್ಳಿ.

ಹೆಸರು ಹಿಡಿದು ಹೋಗಬೇಕೆನ್ನುವವರಿಗೆ ‘ಚೆನ್ ಮಾಪೋ ತೌಫು’ ಇದೆ. 1862ರಲ್ಲಿ ವಾನ್‌ಫು ಸೇತುವೆಯ ಬಳಿ ಚೆನ್ ಮನೆತನದ ಅಂಗಡಿಯಲ್ಲಿ ಮುಖದ ಮೇಲೆ ಸಿಡುಬಿನ ಕಲೆಯಿದ್ದ ಹೆಂಗಸು ಎಣ್ಣೆ ಹೊರುವ ಕೂಲಿಗಳಿಗೆ ಮಾಡಿಕೊಡುತ್ತಿದ್ದ ತೌಫು ಎನ್ನುವುದು ಅದರ ಕಥೆ. ಬೀಜಿಂಗ್‌ಗೆ ಮಾತ್ರ ಹೋಗುವವರಿಗೂ ದಾರಿಯಿದೆ. ಅಲ್ಲಿ ಪ್ರಾಂತ್ಯ ಸರ್ಕಾರಗಳ ಪ್ರತಿನಿಧಿ ಕಚೇರಿಗಳಿಗೆ ಸೇರಿದ ಊಟದ ಮನೆಗಳಿವೆ, ಸಿಚುವಾನ್ ಕಚೇರಿಯದು ‘ಚುವಾನ್‌ಬಾನ್’ ಎಂದೇ ಹೆಸರುವಾಸಿ. ಜಿಯಾನ್‌ಗುವೊಮೆನ್ ಹತ್ತಿರ. ಅಧಿಕಾರಿಗಳು ತಮ್ಮ ಊರಿನ ರುಚಿಗೆ ಹಂಬಲಿಸಿ ಬರುವ ಜಾಗವಾದ್ದರಿಂದ ಅಡುಗೆಯವರು ಮೋಸ ಮಾಡಲಾರರು.

4. ಹೇಳುವಾಗ ಎಲ್ಲವನ್ನೂ ಕೆಂಪಾಗಿಸಬೇಡಿ

ಸಿಚುವಾನ್ ಎಂದರೆ ಬರೀ ಖಾರ ಎಂದು ನಂಬಿ ಐದು ಕೆಂಪು ತಟ್ಟೆ ತರಿಸಿಕೊಳ್ಳುವವರೇ ಹೆಚ್ಚು. ಎರಡನೆಯ ತಟ್ಟೆಗೆ ನಾಲಿಗೆ ಸತ್ತಿರುತ್ತದೆ. ನಾಲ್ವರಿದ್ದರೆ ಹೀಗೆ ಹೇಳಿ: ಒಂದು ತಣ್ಣನೆಯ ತಟ್ಟೆ, ಒಂದು ಕೆಂಪೆಣ್ಣೆಯದು, ಹುರಿದ ತರಕಾರಿ ಒಂದು, ಹುಳಿಸಿಹಿಯದು ಒಂದು, ಒಂದು ತಿಳಿಸಾರು, ಅನ್ನ. ಹುಳಿಸಿಹಿಗೆ ‘ಗೊಂಗ್‌ಬಾವ್ ಜಿದಿಂಗ್’ ಸರಿಹೊಂದುತ್ತದೆ. ಕೋಳಿ, ಶೇಂಗಾ, ಒಣಮೆಣಸಿನ ಈ ಅಡುಗೆಗೆ ಹೆಸರು ಬಂದದ್ದು ಕ್ವಿಂಗ್ ಅರಸರ ಕಾಲದಲ್ಲಿ ಸಿಚುವಾನ್‌ನ ಆಡಳಿತ ನಡೆಸಿದ ದಿಂಗ್ ಬಾವೊಝೆನ್ ಎಂಬಾತನ ಬಿರುದಿನಿಂದ. ‘ಯುಷಿಯಾಂಗ್’, ಅಂದರೆ ಮೀನಿನ ಘಮ ಎಂದಿರುವ ಬದನೆಕಾಯಿಯಲ್ಲಿ ಮೀನಿಲ್ಲ. ಮೀನಿನ ಅಡುಗೆಗೆ ಹಾಕುತ್ತಿದ್ದ ಮಸಾಲೆಯಷ್ಟೇ ಇದೆ. ಬದನೆಪ್ರಿಯರಾದ ನಮ್ಮವರಿಗೆ ಕಣ್ಣುಮುಚ್ಚಿ ಶಿಫಾರಸು ಮಾಡಬಹುದಾದದ್ದು ಇದೊಂದೇ.

ಮಾಪೋ ತೌಫು ಬಂದಾಗ ಕುದಿಯುತ್ತಿರಬೇಕು. ಬಿಳಿಯ ತುಂಡುಗಳು ಒಡೆಯದೆ ಚೌಕವಾಗಿಯೇ ಉಳಿದಿರಬೇಕು, ಕೈಮಾ ಗರಿಗರಿಯಾಗಿರಬೇಕು, ಮೇಲೆ ಕಂದು ಪುಡಿ ಆಗತಾನೆ ಉದುರಿಸಿದ್ದಿರಬೇಕು. ಆ ಪುಡಿ ಹುಆಜಿಯಾವ್, ಅಂದರೆ ಸಿಚುವಾನ್ ಪೆಪ್ಪರ್, ನಾಲಿಗೆ ಜುಮ್ಮೆನ್ನಿಸುವುದು ಅದೇ. ಕೆಂಪು ಬಣ್ಣ ಬರೀ ಮೆಣಸಿನ ಪುಡಿಯದಲ್ಲ, ಮುಖ್ಯವಾಗಿ ಚೆಂಗ್ಡು ಸಮೀಪದ ಪಿಷಿಯಾನ್‌ನಲ್ಲಿ ಮೆಣಸಿನಕಾಯಿ ಮತ್ತು ಅವರೆಜಾತಿಯ ಕಾಳನ್ನು ತಿಂಗಳುಗಟ್ಟಲೆ ಹುದುಗಿಸಿ ಮಾಡುವ ದೌಬಾನ್ ಗೊಜ್ಜಿನದು. ಅನ್ನದ ಮೇಲೆ ಹಾಕಿಕೊಂಡು ತಿನ್ನಿ. ಬರೀ ಬಾಯಿಗೆ ಹಾಕಿಕೊಂಡರೆ ಅಂಗುಳ ಸುಡುತ್ತದೆ.

ಇನ್ನೆರಡು ಎಚ್ಚರಿಕೆ. ‘ಶುಯ್‌ಝು ಯು’ ಎಂಬ ಮೀನು ಒಂದು ಬೋಗುಣಿ ಎಣ್ಣೆಯಲ್ಲಿ ತೇಲುತ್ತ ಬರುತ್ತದೆ. ಮೀನನ್ನು ಎತ್ತಿಕೊಳ್ಳಬೇಕು, ಎಣ್ಣೆಯನ್ನು ಅಲ್ಲೇ ಬಿಡಬೇಕು. ‘ಲಾಝಿಜಿ’ ಬಂದರೆ ಒಣಮೆಣಸಿನ ರಾಶಿಯಲ್ಲಿ ಕೋಳಿಯ ಚೂರುಗಳನ್ನು ಹುಡುಕಿ ತಿನ್ನುವುದು ಕ್ರಮ. ಮೆಣಸಿನಕಾಯಿ ತಿಂದು ತೋರಿಸಿದರೆ ಯಾರೂ ಮೆಚ್ಚುವುದಿಲ್ಲ.

5. ಖಾರಕ್ಕಿಂತ ‘ಮಾ’ಗೆ ತಯಾರಾಗಿ

ಮೆಣಸಿನ ಖಾರ ನಮಗೆ ಹೊಸದಲ್ಲ. ಹೊಸದೆಂದರೆ ‘ಮಾ’, ಆ ಜುಮ್ಮೆನ್ನುವಿಕೆ. ಹುಆಜಿಯಾವ್‌ನಲ್ಲಿರುವ ಸ್ಯಾನ್‌ಶೂಲ್ ಎಂಬ ವಸ್ತು ಸ್ಪರ್ಶದ ನರಗಳನ್ನೇ ಕೆಣಕುತ್ತದೆ. ತುಟಿಯ ಮೇಲೆ ಅದು ಸೆಕೆಂಡಿಗೆ ಸುಮಾರು 50 ಬಾರಿ ಕಂಪಿಸಿದಂತೆ ಅನುಭವವಾಗುತ್ತದೆಂದು ಲಂಡನ್ನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಬಂಗುಡೆ ಸಾರಿಗೆ ಹಾಕುವ ತೆಪ್ಪಳ ಇದೇ ಸಸ್ಯಕುಲದ್ದು. ಅದನ್ನು ತಿಂದು ಬೆಳೆದವರು ಚೆಂಗ್ಡುವಿನಲ್ಲಿ ಬೆಚ್ಚಿಬೀಳುವುದಿಲ್ಲ.

ಖಾರ ಬೇಡವೆಂದರೆ ‘ಬು ಲಾ’, ಸ್ವಲ್ಪವೇ ಇರಲಿ ಎಂದರೆ ‘ವೇಯ್ ಲಾ’. ಚೆಂಗ್ಡುವಿನ ವೇಯ್ ಲಾ ನಿಜಕ್ಕೂ ಸ್ವಲ್ಪವಲ್ಲ ಎನ್ನುವುದು ನೆನಪಿರಲಿ. ಮೊಸರನ್ನ ಸಿಗುವುದಿಲ್ಲ. ಬದಲಿಗೆ ‘ಬಿಂಗ್‌ಫೆನ್’ ಕೇಳಿ, ಬೆಲ್ಲದ ಪಾಕ ಸುರಿದ ತಣ್ಣನೆಯ ಲೋಳೆ, ಉರಿ ಆರಿಸುತ್ತದೆ.

6. ತಿನ್ನದಿರುವುದನ್ನು ಮೊದಲೇ ಹೇಳಿ

ಇದನ್ನು ಮೆನು ಹೇಳುವುದಿಲ್ಲ. ಮಾಪೋ ತೌಫುವಿನ ಕೈಮಾ ಸಾಂಪ್ರದಾಯಿಕವಾಗಿ ದನದ್ದು. ‘ಫುಚಿ ಫೆಯ್‌ಪಿಯಾನ್’ ಎಂಬ ತಣ್ಣನೆಯ ತಟ್ಟೆಯೂ ದನದ ಮಾಂಸ ಮತ್ತು ಒಳಭಾಗಗಳದ್ದು. ಹಾಟ್‌ಪಾಟ್ ಎಂದರೆ ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಅದ್ದಿ ಬೇಯಿಸಿ ತಿನ್ನುವ ಊಟ; ಚೋಂಗ್‌ಚಿಂಗ್ ನಗರದ ಹಾಟ್‌ಪಾಟ್‌ನ ಕೆಂಪು ಸಾರು ದನದ ಕೊಬ್ಬಿನಲ್ಲೇ ಆಗುವಂಥದ್ದು, ಒಳಗೆ ನೀವು ಬರೀ ಅಣಬೆ ಅದ್ದಿದರೂ ಅಷ್ಟೇ. ಬೇಡದವರು ‘ಚಿಂಗ್‌ಯೋ’, ಅಂದರೆ ಸಸ್ಯದ ಎಣ್ಣೆಯದನ್ನು ಕೇಳಬೇಕು. ಹುರಿದ ಬೀನ್ಸ್ ಸಸ್ಯಾಹಾರ ಎಂದುಕೊಳ್ಳುವಂತಿಲ್ಲ, ಮೇಲೆ ಹಂದಿಯ ಕೈಮಾ ಉದುರಿಸಿರುತ್ತಾರೆ. ‘ನನಗೆ ಮಾಂಸ, ಮೊಟ್ಟೆ, ಮಾಂಸದ ಸಾರು, ಪ್ರಾಣಿಕೊಬ್ಬು ಯಾವುದೂ ಬೇಡ’ ಎಂದು ಚೀನೀ ಲಿಪಿಯಲ್ಲಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸುವುದೇ ಸರಿ. ಬಾಯಿಮಾತಿನ ‘ಸಸ್ಯಾಹಾರಿ’ಗೆ ಅಲ್ಲಿ ಒಬ್ಬೊಬ್ಬರದು ಒಂದೊಂದು ಅರ್ಥ. ಪೂರ್ತಿ ಸಸ್ಯಾಹಾರಿಗಳು ಚೆಂಗ್ಡುವಿನ ವೆನ್‌ಶು ಬೌದ್ಧ ವಿಹಾರದ ಊಟದ ಮನೆಗೆ ಹೋಗಲಿ, ಅಲ್ಲಿ ಸಿಚುವಾನ್ ರುಚಿ ಮಾಂಸವಿಲ್ಲದೆ ಸಿಗುತ್ತದೆ. ಹಂದಿ ಮುಟ್ಟದವರು ‘ಚಿಂಗ್‌ಝೆನ್’ ಎಂಬ ಫಲಕ ನೋಡಲಿ, ಅದು ಹಲಾಲ್.

7. ಚೀನಾಕ್ಕೆ ಹೋಗದವರಿಗೆ

ಲಂಡನ್ನಿನ ಸೋಹೊದಲ್ಲಿ 2006ರಿಂದ ಇರುವ ‘ಬಾರ್‌ಶು’, ಲಾಸ್ ಏಂಜಲೀಸ್ ಪಕ್ಕದ ಅಲ್ಹಾಂಬ್ರದ ‘ಚೆಂಗ್ಡು ಟೇಸ್ಟ್’ ಸಿಚುವಾನ್ ಅಡುಗೆಗೆ ಹೆಸರಾದವು. ಹೊಸ ಊರಲ್ಲಿ ಹುಡುಕುವಾಗ ತಣ್ಣನೆಯ ತಟ್ಟೆಗಳ ಪಟ್ಟಿ ನೋಡಿ. ಅದು ಉದ್ದವಿದ್ದರೆ ಅಡುಗೆಯವರು ಸಿಚುವಾನ್‌ನವರು ಎನ್ನಲು ಅಡ್ಡಿಯಿಲ್ಲ. ಮೆನುವಿನಲ್ಲಿ ಸುಶಿ, ಥಾಯ್ ಕರಿ ಕಂಡರೆ ಮುಂದಿನ ಬಾಗಿಲಿಗೆ ನಡೆಯಿರಿ.

ಬೆಂಗಳೂರಿನ ಬೀದಿಯ ‘ಶೆಜ್ವಾನ್’ಗೂ ಸಿಚುವಾನ್‌ಗೂ ಸಂಬಂಧ ಹೆಸರಿನದ್ದಷ್ಟೇ. ಮಂಚೂರಿ ಉಂಡೆಯಂತೂ ಚೀನಾ ಕಂಡದ್ದೇ ಅಲ್ಲ. ಮುಂಬೈಯಲ್ಲಿ ನೆಲ್ಸನ್ ವಾಂಗ್ 1975ರಲ್ಲಿ ಅದನ್ನು ಹುಟ್ಟುಹಾಕಿದರು ಎನ್ನುತ್ತಾರೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಮೇಲೆ ಅದರ ಕೆಂಪು ಸ್ವಲ್ಪ ಇಳಿದಿದೆ, ರುಚಿಗೇನೂ ನಷ್ಟವಾಗಿಲ್ಲ. ತಾರಾ ಹೋಟೆಲಿನ ಚೀನೀ ಊಟದ ಮನೆಗೆ ಹೋಗುವವರು ಮೇಜು ಕಾಯ್ದಿರಿಸುವಾಗಲೇ ಒಂದು ಪ್ರಶ್ನೆ ಕೇಳಿ: ಮಾಪೋ ತೌಫುವಿಗೆ ಹುಆಜಿಯಾವ್ ಮತ್ತು ಪಿಷಿಯಾನ್ ದೌಬಾನ್ ಹಾಕುತ್ತೀರಾ? ಉತ್ತರ ಹೇಳಲು ಅಡುಗೆಮನೆಯಿಂದ ಯಾರನ್ನಾದರೂ ಕರೆದರೆ ಭರವಸೆಯಿದೆ.

ದೇಶದೊಳಗೆ ಚೀನೀ ಕೈಯಲ್ಲೇ ಮಾಡಿದ ಉಂಡೆ ಬೇಕಿದ್ದರೆ ಕೋಲ್ಕತ್ತದ ಟಿರೆಟ್ಟಾ ಬಜಾರ್‌ಗೆ ಭಾನುವಾರ ಬೆಳಿಗ್ಗೆ ಹೋಗಿ. ಲಾಲ್‌ಬಜಾರ್ ಪೊಲೀಸ್ ಕೇಂದ್ರ ಕಚೇರಿಯ ಹತ್ತಿರ, ಪೋದ್ದಾರ್ ಕೋರ್ಟ್ ಹಿಂಭಾಗ. ತಲೆಮಾರುಗಳಿಂದ ಅಲ್ಲಿರುವ ಚೀನೀ ಮನೆತನದವರು ಪಾದಚಾರಿ ಮಾರ್ಗದಲ್ಲೇ ಹಬೆಯ ಪಾತ್ರೆ ಇಟ್ಟು ಮೀನುಂಡೆ ಸಾರು, ಹಂದಿಮಾಂಸದ ಬನ್ನು ಮಾರುತ್ತಾರೆ. ಆರಕ್ಕೆ ಶುರು, ಎಂಟರ ಹೊತ್ತಿಗೆ ಬಹುಪಾಲು ಖಾಲಿ. ಚಿಲ್ಲರೆ ಇಟ್ಟುಕೊಂಡಿರಿ.