ಏಳನೇ ಇನಿಂಗ್ಸ್ ನಂತರ ಕುಸಿಯುತ್ತಿದ್ದ ತಂಡ: ಬುಲ್‌ಪೆನ್ (ಬದಲಿ ಎಸೆತಗಾರರ ಬಳಗ) ಸರಿಪಡಿಸಿದ ಬಗೆ

ಆನ್‌ಲೈನ್ ಬೇಸ್‌ಬಾಲ್ ಸಿಮ್ಯುಲೇಶನ್ ಲೀಗೊಂದರಲ್ಲಿ ನಾನು ನಡೆಸುವ ತಂಡವು 162 ಪಂದ್ಯಗಳ ಋತುವಿನ ಮೊದಲೆರಡು ತಿಂಗಳು ಚೆನ್ನಾಗಿ ಆಡಿ, ಆಮೇಲೆ ಒಂಬತ್ತು ಇನಿಂಗ್ಸ್‌ಗಳ ಆಟದಲ್ಲಿ ಏಳನೇ ಇನಿಂಗ್ಸ್‌ವರೆಗೆ ಮುಂದಿದ್ದ ಪಂದ್ಯಗಳನ್ನೇ ಸೋಲುತ್ತಿತ್ತು.

ಮುನ್ನಡೆ ಕಾಯಲು ಪಂದ್ಯದ ಕೊನೆಯಲ್ಲಿ ಎಸೆಯುವ ದುಬಾರಿ ಕ್ಲೋಸರ್‌ನನ್ನು ತಂದೆ. ಅವನ ಸರದಿ ಬರುವಷ್ಟರಲ್ಲಿ ಮುನ್ನಡೆಯೇ ಉಳಿದಿರುತ್ತಿರಲಿಲ್ಲ. ಬ್ಯಾಟಿಂಗ್ ಕ್ರಮ ಬದಲಿಸಿದ್ದರಿಂದ ರನ್ ಹೆಚ್ಚಿತೇ ಹೊರತು ಸೋಲು ನಿಲ್ಲಲಿಲ್ಲ. ಪಂದ್ಯದ ಆರಂಭದಿಂದ ಎಸೆಯುವ ಸ್ಟಾರ್ಟರ್‌ಗಳನ್ನು ನಾಲ್ವರಿಗೆ ಇಳಿಸಿದ್ದಂತೂ ಶುದ್ಧ ತಪ್ಪು.

ಕಾರಣ ಕಂಡದ್ದು ಪಿಚರ್‌ಗಳ (ಎಸೆತಗಾರರ) ದಣಿವಿನ ಪಟ್ಟಿಯಲ್ಲಿ. ಸ್ಟಾರ್ಟರ್‌ನನ್ನು 80 ಎಸೆತಗಳಿಗೇ ತೆಗೆಯುವಂತೆ ನಾನೇ ಇಟ್ಟಿದ್ದ ಮಿತಿಯಿಂದಾಗಿ ಐದನೇ ಇನಿಂಗ್ಸ್‌ಗೇ ರಿಲೀವರ್‌ಗಳು, ಅಂದರೆ ಅವನ ಬದಲಿಗೆ ಬರುವ ಪಿಚರ್‌ಗಳು, ಇಳಿಯುತ್ತಿದ್ದರು, ಮತ್ತು ಅತ್ಯುತ್ತಮನಾದ ಒಬ್ಬನೇ ಸತತ ಮೂರು ನಾಲ್ಕು ದಿನ ಎಸೆಯುತ್ತಿದ್ದನು.

ಮೊದಲು ಐವರು ಸ್ಟಾರ್ಟರ್‌ಗಳ ಸರದಿಯನ್ನು ಕಟ್ಟುನಿಟ್ಟು ಮಾಡಿದೆ. ಇದರಿಂದ ಪ್ರತಿಯೊಬ್ಬನಿಗೂ ಎರಡು ಸರದಿಗಳ ನಡುವೆ ಕನಿಷ್ಠ ನಾಲ್ಕು ದಿನ ವಿಶ್ರಾಂತಿ ಸಿಗುತ್ತದೆ. ಅನಂತರ ಮಿತಿಯನ್ನು 100 ಎಸೆತಗಳಿಗೆ ಏರಿಸಿದೆ. ಮೂರನೆಯದಾಗಿ, ಸ್ಟ್ಯಾಮಿನಾ ಹೆಚ್ಚಿದ್ದು ಸರದಿಯಲ್ಲಿ ಜಾಗ ಸಿಗದ ಆರನೇ ಸ್ಟಾರ್ಟರ್‌ನನ್ನು ಲಾಂಗ್ ರಿಲೀಫ್‌ಗೆ ಹಾಕಿದೆ: ಸ್ಟಾರ್ಟರ್ ಬೇಗ ಹೊಡೆತ ತಿಂದ ದಿನ ಮೂರು ಇನಿಂಗ್ಸ್‌ಗಳನ್ನು ಇವನೊಬ್ಬನೇ ನುಂಗುತ್ತಾನೆ. ಕೊನೆಗೆ, ಯಾವ ರಿಲೀವರ್‌ನೂ ಸತತ ಎರಡು ದಿನಕ್ಕಿಂತ ಹೆಚ್ಚು ಎಸೆಯದಂತೆಯೂ, ಕ್ಲೋಸರ್ ಒಂಬತ್ತನೇ ಇನಿಂಗ್ಸ್‌ನಲ್ಲಿ ಮುನ್ನಡೆ ಮೂರು ರನ್ ಅಥವಾ ಅದಕ್ಕಿಂತ ಕಡಿಮೆಯಿದ್ದಾಗ ಮಾತ್ರ ಬರುವಂತೆಯೂ ಸೆಟ್ ಮಾಡಿದೆ.

ಈ ಕ್ರಮವನ್ನು ತಿರುಗಿಸಬಾರದು. ಸ್ಟಾರ್ಟರ್‌ಗಳ ಮಿತಿ ಏರಿಸುವ ಮೊದಲೇ ರಿಲೀವರ್‌ಗಳನ್ನು ಕಟ್ಟಿಹಾಕಿದರೆ ನಡುವಿನ ಇನಿಂಗ್ಸ್‌ಗಳಿಗೆ ಯಾರೂ ಉಳಿಯುವುದಿಲ್ಲ. ಸ್ಟ್ಯಾಮಿನಾ ಕಡಿಮೆಯಿರುವ ಐದನೇ ಸ್ಟಾರ್ಟರ್‌ಗೆ ಮಾತ್ರ 85 ಇಟ್ಟಿದ್ದೇನೆ.