62 ಅಂಕ ಅಂದರೆ ಫಸ್ಟ್ ಕ್ಲಾಸಾ?

ರಾಯಚೂರು ಜಿಲ್ಲೆಯ ವೃದ್ಧಾಶ್ರಮಗಳನ್ನು ನೋಡಿಬಂದು ಅಂಕ ಹಾಕುವ ಸ್ವಯಂಸೇವಕರ ತಂಡವೊಂದು ನಮ್ಮದು. ಅಂಕ ಹಾಕುವವರು ಬೇರೆ. ಆ ಅಂಕ ಮನೆಯವರಿಗೆ ತಿಳಿಯುವಂತೆ ಒಂದು ಹಾಳೆಯಲ್ಲಿ ಬರೆದುಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ವರದಿ ಹತ್ತಾರು ಪುಟ ಇರುತ್ತದೆ, ಕೊನೆಗೆ ನೂರಕ್ಕೆ ಇಷ್ಟು ಎಂಬ ಒಂದು ಸಂಖ್ಯೆ. ಜನ ಪುಟ ಮಗುಚಿ ನೇರ ಅಲ್ಲಿಗೇ ಹೋಗುತ್ತಿದ್ದರು.

ಸಿಂಧನೂರಿನಲ್ಲಿ ಒಬ್ಬರು 62 ನೋಡಿ, "ಫಸ್ಟ್ ಕ್ಲಾಸ್ ಐತಲ್ರೀ" ಅಂದರು. ಆಗ ಶಾಲೆಗೆ ಹೋದವರಿಗೆಲ್ಲ 35 ಪಾಸು, 60 ಫಸ್ಟ್ ಕ್ಲಾಸ್ ಆಗಿತ್ತು. ಅವರು ಓದಿದ್ದು ಸರಿಯಾಗಿಯೇ ಇತ್ತು. ಆದರೆ ಆ 62 ಬಂದದ್ದು ನೋಂದಣಿ ಪತ್ರ, ಹಾಜರಿ ಪುಸ್ತಕ, ಸಿಸಿಟಿವಿ, ಟೈಲ್ಸ್ ಹಾಕಿದ ನೆಲದಿಂದ. ರಾತ್ರಿ ಅಜ್ಜ ಬಚ್ಚಲಲ್ಲಿ ಬಿದ್ದರೆ ಎತ್ತುವವರು ಆ ಆಶ್ರಮದಲ್ಲಿ ಇರಲಿಲ್ಲ. ಕಾಗದಪತ್ರದ ಅಂಕ ರಾತ್ರಿಯ ಕೊರತೆಯನ್ನು ನುಂಗಿಬಿಟ್ಟಿತ್ತು. ಹೀಗಾಗಿ ಒಟ್ಟು ಅಂಕವನ್ನೇ ಹಾಳೆಯಿಂದ ತೆಗೆದೆ.

ಬೇರೆ ಕಡೆ ಹೇಗೆ ಮಾಡುತ್ತಾರೆ ಎಂದು ಹುಡುಕಿದೆ. ಅಮೆರಿಕದಲ್ಲಿ 2008ರಿಂದ ನರ್ಸಿಂಗ್ ಹೋಮ್‌ಗಳಿಗೆ (ಅಲ್ಲಿ ಹಾಗೆಂದರೆ ಆಸ್ಪತ್ರೆಯಲ್ಲ, ಹೆಚ್ಚಾಗಿ ಹಿರಿಯರನ್ನು ಇಟ್ಟುಕೊಂಡು ಆರೈಕೆ ಮಾಡುವ ಮನೆ) ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ತಪಾಸಣೆಯ ನಕ್ಷತ್ರ ಆಯಾ ರಾಜ್ಯದ ಒಳಗಿನ ಹೋಲಿಕೆ: ಮೇಲಿನ ಶೇ 10ಕ್ಕೆ ಐದು, ಕೆಳಗಿನ ಶೇ 20ಕ್ಕೆ ಒಂದು. ಅಂದರೆ ಅಕ್ಕಪಕ್ಕದವರೆಲ್ಲ ಕೆಟ್ಟವರಿದ್ದರೆ ಸಾಧಾರಣ ಮನೆಗೂ ಐದು ಬರಬಹುದು. ನಮ್ಮ ಕಡೆ ಆಶ್ರಮಗಳೇ ಕಡಿಮೆ, ಈ ಲೆಕ್ಕ ಬೇಡ ಅನ್ನಿಸಿತು. ನಕ್ಷತ್ರ ಕಂಡರೆ ಜನ ಹೋಟೆಲ್ ಅಂದುಕೊಳ್ಳುತ್ತಾರೆ, ಅದೂ ಒಂದು ತೊಡಕು.

ಇಂಗ್ಲೆಂಡಿನಲ್ಲಿ ಇಂಥ ಆರೈಕೆ ಮನೆಗಳನ್ನು ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆಯ ಪದ್ಧತಿ ಮನಸ್ಸಿಗೆ ಹಿಡಿಸಿತು. ಅವರದು ಐದು ಪ್ರಶ್ನೆ: ಸುರಕ್ಷಿತವೇ, ಆರೈಕೆಯಿಂದ ಉಪಯೋಗ ಆಗುತ್ತಿದೆಯೇ, ಅಕ್ಕರೆಯಿದೆಯೇ, ಒಬ್ಬೊಬ್ಬರ ಅಗತ್ಯಕ್ಕೆ ಸ್ಪಂದಿಸುತ್ತಾರೆಯೇ, ಆಡಳಿತ ನೆಟ್ಟಗಿದೆಯೇ. ಪ್ರತಿಯೊಂದಕ್ಕೂ ನಾಲ್ಕು ದರ್ಜೆ. ಐದರಲ್ಲಿ ಎರಡು ತೀರಾ ಕೆಳಗಿನ ದರ್ಜೆಗೆ ಬಿದ್ದರೆ, ಉಳಿದ ಮೂರು ಎಷ್ಟೇ ಚೆನ್ನಾಗಿರಲಿ, ಸಾಮಾನ್ಯವಾಗಿ ಇಡೀ ಮನೆಗೆ ಅದೇ ದರ್ಜೆ. 2015ರ ಏಪ್ರಿಲ್‌ನಿಂದ ಅಲ್ಲಿ ಈ ದರ್ಜೆಯನ್ನು ಎದ್ದು ಕಾಣುವಂತೆ ಹಾಕುವುದು ಕಡ್ಡಾಯ. ನಮ್ಮಲ್ಲಿ ಹಿರಿಯ ನಾಗರಿಕರ 2007ರ ಕಾಯ್ದೆ ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ಆಶ್ರಮದ ಮಾತಾಡುತ್ತದೆ. ದರ್ಜೆ ಬರೆದು ಗೋಡೆಗೆ ಹಾಕಿ ಅನ್ನುವುದಿಲ್ಲ.

ಆ ಐದು ಪ್ರಶ್ನೆಗಳನ್ನು ಹಾಗೇ ತಂದು ಇಟ್ಟರೆ ಮಸ್ಕಿಯ ಸೊಸೆಗಾಗಲಿ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋದ ಮಗನಿಗಾಗಲಿ ಏನೂ ಉಪಯೋಗವಾಗದು. ಅವರು ಏನು ಕೇಳುತ್ತಾರೆ ಎಂದು ಕೂತು ಕೇಳಿದೆ. ಹಲ್ಲಿಲ್ಲದವರಿಗೆ ರೊಟ್ಟಿ ನೆನೆಸಿ ಕೊಡ್ತಾರಾ, ಗಂಜಿ ಮಾಡ್ತಾರಾ? ಮೇ ತಿಂಗಳಲ್ಲಿ ಕರೆಂಟ್ ಹೋದರೆ ಫ್ಯಾನ್ ತಿರುಗ್ತದಾ? ಬಿಪಿ ಗುಳಿಗೆ ಯಾರು ಕೊಡ್ತಾರ, ಬರೆದಿಡ್ತಾರಾ? ಹೇಳದೆ ಹೋದರೆ ಒಳಗೆ ಬಿಡ್ತಾರಾ? ಈ ಕೊನೆಯದನ್ನು ಕೇಳದವರೇ ಇಲ್ಲ. ನಮ್ಮ ತಪಾಸಣೆ ಪಟ್ಟಿಯಲ್ಲಿ ಮಾತ್ರ ಅದು ಇರಲೇ ಇಲ್ಲ, ಹೇಳಿ ಸೇರಿಸಿದೆ.

ಬಣ್ಣದ ವಿಷಯ ಸುಲಭವಾಯಿತು. ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಪಟ್ಟಿ ಸುತ್ತಿದಾಗ 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಕೆಂಪು, ಅಂದರೆ ಮಗು ತೀರಾ ಸೊರಗಿದೆ ಎಂಬುದನ್ನು ತಾಯಂದಿರು ಕಂಡಿದ್ದಾರೆ. ಹಸಿರು, ಹಳದಿ, ಕೆಂಪನ್ನೇ ಬಳಸಿದೆ. ಜೆರಾಕ್ಸ್ ಮಾಡಿದರೆ ಮೂರೂ ಬೂದಿಬಣ್ಣ ಆಗುತ್ತದೆ, ಆದ್ದರಿಂದ ಪ್ರತಿ ಚೌಕದೊಳಗೆ "ಸರಿ ಇದೆ", "ಅರೆಬರೆ", "ಇಲ್ಲ" ಎಂದು ದಪ್ಪಕ್ಷರ. ನೋಡಲು ಆಗದ್ದಕ್ಕೆ "ನೋಡಿಲ್ಲ" ಎಂದೇ ಬರೆಯುತ್ತೇನೆ. ಖಾಲಿ ಬಿಟ್ಟರೆ ಜನ ಕೆಟ್ಟದ್ದು ಅಂತಲೇ ಓದುತ್ತಾರೆ. ಕೆಂಪು ಬಂದದ್ದು ಹಾಳೆಯ ಮೇಲ್ತುದಿಗೆ, ಹಸಿರು ಕೆಳಗೆ.

ಹಾಳೆ ಜನಕ್ಕೆ ತಿಳಿಯುತ್ತದೆಯೇ ಎಂಬ ಪರೀಕ್ಷೆಗೂ ಸುಲಭದ ದಾರಿ ಹಿಡಿದೆ. ಹಾಳೆ ಕೊಡುವುದು, ಓದು ಬಾರದವರಿಗೆ ಓದಿ ಹೇಳುವುದು, ಮಡಚಿಟ್ಟು "ನಿಮ್ಮ ಅವ್ವನ್ನ ಇಲ್ಲಿ ಬಿಡ್ತೀರಾ, ಯಾಕ?" ಎಂದು ಕೇಳುವುದು. ಅರ್ಥ ಆಯ್ತಾ ಎಂದು ಕೇಳಿದರೆ ಎಲ್ಲರೂ ಹೂಂ ಅಂತಾರೆ, ಅದರಿಂದ ಪ್ರಯೋಜನವಿಲ್ಲ. "ರಾತ್ರಿ ಯಾರೂ ಇರಂಗಿಲ್ಲಂತ, ಬ್ಯಾಡ್ರಿ" ಎಂಬ ಉತ್ತರ ಬಂದರೆ ಹಾಳೆ ಕೆಲಸ ಮಾಡಿತು.

ಆಶ್ರಮದವರಿಗೆ ಇದು ರುಚಿಸಲಿಲ್ಲ. ಒಂದು ಕೆಂಪಿಗೆ ಇಡೀ ಆಶ್ರಮ ಕೆಟ್ಟದ್ದಾಗುತ್ತದಾ ಎಂದು ಒಬ್ಬರು ಜಗಳಕ್ಕೇ ಬಂದರು. ಅಡುಗೆಯ ಹಸಿರನ್ನಾದರೂ ಮೇಲೆ ಹಾಕಿ ಅಂದರು. ಅವರ ಅಡುಗೆ ನಿಜಕ್ಕೂ ಚೆನ್ನಾಗಿತ್ತು, ನಾನೂ ಉಂಡಿದ್ದೇನೆ. ಆದರೂ ರಾತ್ರಿ ಕಾವಲು ಮತ್ತು ಔಷಧಿ, ಇವೆರಡರಲ್ಲಿ ಒಂದು ಕೆಂಪಾದರೂ "ಬಿಡುವ ಮುನ್ನ ನೀವೇ ಹೋಗಿ ನೋಡಿ" ಎಂಬ ಸಾಲು ಬರುತ್ತದೆ. ಉಳಿದವಕ್ಕೆ ಎರಡು ಕೆಂಪು ಬೇಕು. ಇಂಗ್ಲೆಂಡಿನವರಿಗಿಂತ ಇದು ಬಿಗಿ, ಬೇಕೆಂದೇ ಬಿಗಿ ಮಾಡಿದ್ದು. ಆಶ್ರಮದವರ ಉತ್ತರಕ್ಕೆ ಅದೇ ಹಾಳೆಯಲ್ಲಿ ಮೂರು ಸಾಲು ಜಾಗ ಇದೆ.

ಹಾಳೆಯ ಅಡಿಯಲ್ಲಿ ಹಿರಿಯರ ಸಹಾಯವಾಣಿ 14567 ಇರುತ್ತದೆ. ಊರು ಬಿಟ್ಟು ದುಡಿಯಲು ಹೋದ ಮಕ್ಕಳಿಗೆಂದು ಇದನ್ನೇ ಓದಿ ವಾಟ್ಸಾಪ್ ಆಡಿಯೋ ಕಳಿಸುತ್ತೇನೆ. ಆಶ್ರಮದ ಹೆಸರಿಗಿಂತ ಮೊದಲು ಭೇಟಿ ಕೊಟ್ಟ ತಿಂಗಳು, ವರ್ಷ ಹೇಳಿಬಿಡುತ್ತೇನೆ, ಯಾಕೆಂದರೆ ಫಾರ್ವರ್ಡ್ ಆದ ಆಡಿಯೋ ಎರಡು ವರ್ಷದ ಮೇಲೂ ಯಾರದೋ ಫೋನಿನಲ್ಲಿ ಹೊಸದಾಗಿ ಕೇಳಿಸುತ್ತದೆ, ಅಷ್ಟರಲ್ಲಿ ಅಲ್ಲಿಯ ಆಯಾ ಬದಲಾಗಿರುತ್ತಾಳೆ.