ಎಲ್ಲರೂ ತಿದ್ದಬಹುದಾದ ಭತ್ತದ ತಳಿ ಡೇಟಾಬೇಸ್: ನನ್ನ ಅನುಭವ

ರಾಜಮುಡಿ, ರತ್ನಚೂಡಿ, ಗಂಧಸಾಲೆ, ಕುಮಟಾ ಕಡೆಯ ಗಜನಿಯಲ್ಲಿ (ಕರಾವಳಿಯ ತಗ್ಗು ಗದ್ದೆಯಲ್ಲಿ) ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ – ಇಂಥ ನಾಟಿ ಭತ್ತದ ವಿವರಗಳು ನಮ್ಮ ಬಳಗದವರ ಎಕ್ಸೆಲ್ ಶೀಟುಗಳಲ್ಲಿ ಚದುರಿಹೋಗಿದ್ದವು. ಅವನ್ನೆಲ್ಲ ಒಂದು ಜಾಲತಾಣಕ್ಕೆ ತಂದು, ಬೆಳೆಯುವವರೇ ನೋಡಿ ತಿದ್ದುವಂತೆ ಮಾಡುವ ಕೆಲಸ ನಾನು ವಹಿಸಿಕೊಂಡೆ.

ಮೊದಲೇ ಗಟ್ಟಿ ಮಾಡಿಕೊಂಡದ್ದು: ನೋಡುವ ಪುಟವೇ ತಿದ್ದುವ ಪುಟವಾಗಬೇಕು. ಗದ್ದೆಯ ಬದುವಿನಲ್ಲಿ ನಿಂತು ಮೊಬೈಲ್ ನೋಡುವ ರೈತರಿಗೆ ಕಣ್ಣಿಗೆ ಬೀಳುವುದು ಒಂದೇ ಒಂದು ತಪ್ಪು. ಅದಕ್ಕಾಗಿ ಉದ್ದನೆಯ ಫಾರ್ಮ್ ತೆರೆದರೆ ಅವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹಾಗಾಗಿ ‘ಅವಧಿ’ (ಬಿತ್ತನೆಯಿಂದ ಕಟಾವಿನವರೆಗಿನ ದಿನಗಳು) ಎಂಬ ಚೌಕವನ್ನು ಒತ್ತಿದರೆ ಅದೊಂದೇ ತೆರೆದುಕೊಳ್ಳುತ್ತದೆ, ಅದೊಂದೇ ಸೇವ್ ಆಗುತ್ತದೆ.

ಈ ಅವಧಿಯೇ ನನಗೆ ಟೇಬಲ್ ವಿನ್ಯಾಸ ಕಲಿಸಿತು. ಒಂದೇ ತಳಿಗೆ ಒಬ್ಬರು 150 ದಿನ ಅನ್ನುತ್ತಾರೆ, ಇನ್ನೊಬ್ಬರು 165. ಇಬ್ಬರದೂ ನಿಜವಿರಬಹುದು. ಹಳೆಯ ಎಷ್ಟೋ ತಳಿಗಳು ಹಗಲು ಕಿರಿದಾದ ಮೇಲೆಯೇ ತೆನೆ ಬಿಡುತ್ತವೆ. ಮುಂಚೆ ಬಿತ್ತಿದವರಿಗೆ ಕಟಾವಿಗೆ ಹೆಚ್ಚು ದಿನ ಹಿಡಿಯುತ್ತದೆ. ಒಂದು ಕಾಲಂನಲ್ಲಿ ಒಂದೇ ಸಂಖ್ಯೆ ಇಟ್ಟರೆ ಎರಡನೆಯವರು ಮೊದಲಿನವರ ಮಾತನ್ನು ಅಳಿಸಿದಂತೆ. 2012ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಮಾಹಿತಿ ಕೋಶ ವಿಕಿಡೇಟಾದಲ್ಲಿ ಒಂದೇ ಗುಣಕ್ಕೆ ಹಲವು ಮೌಲ್ಯಗಳು, ಪ್ರತಿಯೊಂದಕ್ಕೂ ಅದರದೇ ಆಧಾರ ಇರಬಹುದು. ಆ ಕ್ರಮವನ್ನೇ ಹಿಡಿದೆ: ತಳಿ, ಗುಣ, ಮೌಲ್ಯ, ಊರು, ಬಿತ್ತಿದ ತಿಂಗಳು, ಹೇಳಿದವರು. ತಳಿಯ ಹೆಸರನ್ನೂ ಹೀಗೆಯೇ ಬೇರೆ ಟೇಬಲ್‌ನಲ್ಲಿಟ್ಟೆ, ಏಕೆಂದರೆ ಊರಿಂದೂರಿಗೆ ಅದು ಬದಲಾಗುತ್ತದೆ. ವಿಕಿಡೇಟಾ ಹಿಂದಿರುವ ವಿಕಿಬೇಸ್ ತಂತ್ರಾಂಶವನ್ನೇ ಹಾಕಿಕೊಳ್ಳಬಹುದಿತ್ತು. ನಮ್ಮ ಪುಟ್ಟ ಸರ್ವರ್‌ಗೆ ಅದು ಭಾರ ಅನ್ನಿಸಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ನಾನೇ ಕಟ್ಟಿದೆ.

ತಿದ್ದುಪಡಿ ಪ್ರಕಟವಾಗುವ ಮುಂಚೆ ಯಾರಾದರೂ ಒಪ್ಪಿಗೆ ಕೊಡಬೇಕು ಎಂಬ ಒತ್ತಾಯ ಬಳಗದಲ್ಲಿತ್ತು. ನಾನು ಒಪ್ಪಲಿಲ್ಲ. ತಾನು ಬರೆದದ್ದು ತಕ್ಷಣ ಕಾಣದಿದ್ದರೆ ಮತ್ತೊಮ್ಮೆ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಬದಲಿಗೆ ಹಳೆಯ ಮೌಲ್ಯ ಯಾವುದನ್ನೂ ಅಳಿಸದೆ ಇತಿಹಾಸದ ಟೇಬಲ್‌ಗೆ ಸೇರಿಸುತ್ತೇನೆ. ಒಂದು ಗುಂಡಿ ಒತ್ತಿದರೆ ಹಿಂದಿನದು ವಾಪಸ್. ಪ್ರತಿ ಸಾಲಿಗೂ ಆವೃತ್ತಿ ಸಂಖ್ಯೆ ಇದೆ. ನೀವು ತೆರೆದಾಗ 7 ಇದ್ದದ್ದು ಸೇವ್ ಮಾಡುವಾಗ 8 ಆಗಿದ್ದರೆ, ನಡುವೆ ಬೇರೆ ಯಾರೋ ತಿದ್ದಿದ್ದಾರೆ ಎಂದರ್ಥ. ಆಗ ಎರಡನ್ನೂ ಅಕ್ಕಪಕ್ಕ ತೋರಿಸಿ ನಿಮ್ಮನ್ನೇ ಕೇಳುತ್ತದೆ.

ಕನ್ನಡ ಅಕ್ಷರಗಳಲ್ಲಿ ಕಾಡುವ ತೊಡಕೊಂದಿದೆ. ಕನ್ನಡದಲ್ಲಿ ಡೇಟಾಬೇಸ್ ಕಟ್ಟುವವರು ದಯವಿಟ್ಟು ಗಮನಿಸಿ. ‘ರಾಜಭೋಗ’ ಎಂಬ ತಳಿಯ ಹೆಸರಿನ ‘ೋ’ ಯುನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಲ್ಲಿ) ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಭಾಗಗಳಾಗಿಯೂ ಇರಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು, ಹುಡುಕಿದರೆ ಮಾತ್ರ ಸಿಗದು. ಸೇವ್ ಮಾಡುವಾಗಲೂ ಹುಡುಕುವಾಗಲೂ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಭಾಗಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯುನಿಕೋಡ್ ರೂಪಕ್ಕೆ, ತಂದರೆ ಇದು ಬಗೆಹರಿಯುತ್ತದೆ. ಆದರೆ ಅಕ್ಷರಗಳನ್ನು ಕೂಡಿಸಲು, ಬಿಡಿಸಲು ನಡುವೆ ಬರುವ, ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಹುಡುಕಾಟಕ್ಕೆಂದೇ ಅವನ್ನು ತೆಗೆದ ಇನ್ನೊಂದು ಕಾಲಂ ಇಟ್ಟಿದ್ದೇನೆ.

ಈಗ ಇಡೀ ಡೇಟಾಬೇಸನ್ನು ಯಾರು ಬೇಕಾದರೂ ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಲ್ಲೂ ತೆರೆಯುವ ಸರಳ ಪಟ್ಟಿಯಾಗಿ) ಇಳಿಸಿಕೊಳ್ಳಬಹುದು. ಮುಂದಿನ ಕೆಲಸ ನೆಟ್‌ವರ್ಕ್ ಸಿಗದ ಊರುಗಳದ್ದು: ಅಲ್ಲಿ ತಿದ್ದಿದ್ದು ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ತಾನಾಗಿ ಸೇರಬೇಕು.